ನೀರೊಳಗಿನ ಏಟು

ಬನ್ನಂಜೆಯ ಒಳರಸ್ತೆಗಳಲ್ಲಿ ಮೀನು ತಿನ್ನುವ ಮನೆಗಳವರಿಗೆ ಮಟ್ಟುವಿನ ರತ್ನಾವತಿ ಬಂದರೇ ಬೆಳಗಾಯಿತೆಂದು ಲೆಕ್ಕ. ಕಟಪಾಡಿಯಲ್ಲಿ ಬಸ್ಸು ಹತ್ತಿ, ಬುಟ್ಟಿಯನ್ನು ಡ್ರೈವರನ ಹಿಂದೆ ಯಾರ ಕಾಲಿಗೂ ತಾಗದ ಹಾಗೆ ಇಟ್ಟು, ಉಡುಪಿಯಲ್ಲಿ ಇಳಿದು ನಡೆದುಕೊಂಡು ಬರುತ್ತಿದ್ದಳು. ಕೂಗಿ ಮಾರುವ ಅಭ್ಯಾಸ ಅವಳಿಗಿರಲಿಲ್ಲ. ಗೇಟಿನ ಚಿಲಕವನ್ನು ಮೆಲ್ಲಗೆ ತಟ್ಟಿ ನಿಲ್ಲುವಳು. ಮೀನು ಹೇಗುಂಟು ಎಂದು ಕೇಳಿದವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳುವಳು. ಇವತ್ತಿನ ಬಂಗುಡೆ ನಿಮಗೆ ಬೇಡ, ಐಸಿನಲ್ಲಿದ್ದದ್ದು ಎಂದು ಅವಳೇ ಬುಟ್ಟಿ ಮುಚ್ಚಿ ಮುಂದಿನ ಮನೆಗೆ ಹೋದದ್ದೂ ಉಂಟು.

ಆ ಸತ್ಯಕ್ಕೆ ಒಂದು ಅಪವಾದ ಇತ್ತು. ಅದು ಅವಳ ತಮ್ಮ ಭೋಜ ತಂದುಕೊಡುವ ಹೊಳೆಮೀನು.

ಭೋಜ ಮೊದಲು ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಿದ್ದ. ಬೋಟು ನಡೆಸುವ ತಂಡೇಲನ ಜತೆ ಜಗಳವಾಗಿ ಊರಿಗೆ ಬಂದವನು ಮತ್ತೆ ಕಡಲಿಗೆ ಹೋಗಲಿಲ್ಲ. ಮಟ್ಟುವಿನ ಹೊಳೆಯಲ್ಲಿ ಸಣ್ಣ ದೋಣಿ ಇಟ್ಟುಕೊಂಡ. ಬಲೆ ಬೀಸುವಷ್ಟು ತಾಳ್ಮೆ ಅವನಿಗೆ ಹುಟ್ಟಿನಿಂದಲೇ ಇರಲಿಲ್ಲ. ತೋಟೆ ಹಾಕುವುದನ್ನು ಎಲ್ಲಿಂದಲೋ ಕಲಿತ. ಕಾರ್ಕಳದ ಕಡೆಯ ಒಂದು ಕಲ್ಲಿನ ಕೋರೆಯಲ್ಲಿ ಕೆಲಸಕ್ಕಿದ್ದ ಮಾನಪ್ಪ ಎಂಬವನ ಪರಿಚಯವಾಗಿತ್ತು. ಬಂಡೆ ಒಡೆಯುವ ಜಿಲೆಟಿನ್ ಕಡ್ಡಿಗಳು ಅಲ್ಲಿಂದ ಬರುತ್ತಿದ್ದವು. ಅವುಗಳನ್ನು ಕಟ್ಟಿ, ಬತ್ತಿಗೆ ಬೆಂಕಿ ಕೊಟ್ಟು, ಮೀನು ಗುಂಪಾಗಿ ನಿಲ್ಲುವ ಮಡುವಿಗೆ ಎಸೆದರೆ ಆಯಿತು. ಒಂದು ಮಂದವಾದ ಗುದ್ದು, ನೀರಿನ ಒಂದು ಕೊಡೆ, ಆಮೇಲೆ ಬಿಳಿ ಹೊಟ್ಟೆ ಮೇಲಾಗಿ ತೇಲುವ ಮೀನು.

ಅವನ ಕಾಣೆ ಮೀನು ನೋಡಲಿಕ್ಕೆ ಚೆಂದವಿರುತ್ತಿತ್ತು. ಮೈಮೇಲೆ ಒಂದು ಗೀರು ಸಹ ಇಲ್ಲ, ಪೊರೆ ಎದ್ದಿಲ್ಲ, ಕಣ್ಣು ತಿಳಿ. ಆದರೆ ಹೊಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಅದು ಮರಳಿ ಏಳುತ್ತಿರಲಿಲ್ಲ. ಮನೆಯಲ್ಲಿ ಮೆಟ್ಟುಕತ್ತಿಯ ಮುಂದೆ ಕುಳಿತು ಸೀಳಿದಾಗಲೆಲ್ಲ ರತ್ನಾವತಿ ಒಂದೇ ರೀತಿಯದನ್ನು ನೋಡಿದ್ದಳು. ಬೆನ್ನುಮೂಳೆಯ ಕೆಳಗಿನ ಗಾಳಿಚೀಲ ಹರಿದು ಚಿಂದಿಯಾಗಿರುತ್ತಿತ್ತು, ಅದರ ಸುತ್ತ ರಕ್ತ ಕಪ್ಪಾಗಿ ಹೆಪ್ಪುಗಟ್ಟಿರುತ್ತಿತ್ತು. ಮಧ್ಯಾಹ್ನದ ಮೊದಲು ಮಾರದಿದ್ದರೆ ನಾತ ಬರುತ್ತಿತ್ತು. ಇಂಥ ಮೀನನ್ನು ಅವಳು ಬನ್ನಂಜೆಗೆ ಒಯ್ಯುತ್ತಿರಲಿಲ್ಲ. ಗುರುತಿನವರಿಲ್ಲದ ಸಂತೆಕಟ್ಟೆಗೆ ಒಯ್ದು ಬೇಗ ಬೇಗ ಮಾರಿ ಬರುತ್ತಿದ್ದಳು. ತಮ್ಮ ತಂದದ್ದನ್ನು ಬೇಡ ಎನ್ನುವುದು ಹೇಗೆ? ತಾಯಿಯ ಮನೆ, ತಾಯಿಯ ಕಾಲದ ನಂತರ ಅಕ್ಕ ತಮ್ಮ ಇಬ್ಬರೇ ಉಳಿದದ್ದು. ತುಳುವರ ಕಟ್ಟಿನಲ್ಲಿ ಮನೆ ಹೆಣ್ಣಿನದ್ದು, ಯಜಮಾನಿಕೆ ಅವಳ ಅಣ್ಣ ತಮ್ಮಂದಿರದ್ದು. ಗಂಡ ಚೆನ್ನಪ್ಪ ಕಾಪುವಿನಿಂದ ಬಂದು ಸೇರಿಕೊಂಡವನು.

ಚೆನ್ನಪ್ಪ ಹೊಳೆಯ ಮನುಷ್ಯ. ಬೇಸಿಗೆಯಲ್ಲಿ ನೀರು ತಿಳಿಯಾಗಿ, ಉಪ್ಪಾಗಿ ನಿಂತಾಗ ತನ್ನ ದೋಣಿಯನ್ನು ದಡದ ಗಿಡಕ್ಕೆ ಕಟ್ಟಿ, ಮುಳುಗಿ ಮರುವಾಯಿ ಚಿಪ್ಪು ಹೆಕ್ಕುತ್ತಿದ್ದ. ಎದೆಮಟ್ಟದ ನೀರಿನಲ್ಲಿ ಉಸಿರು ಕಟ್ಟಿ ಬಗ್ಗಿ, ಕೆಸರಿನಲ್ಲಿ ಕೈಯಾಡಿಸಿ, ಸೊಂಟಕ್ಕೆ ಕಟ್ಟಿದ ಬಲೆಚೀಲಕ್ಕೆ ಚಿಪ್ಪುಗಳನ್ನು ತುಂಬುವುದು. ಮಾತು ಕಡಿಮೆ. ಸಂಜೆ ಸ್ವಲ್ಪ ಕಳ್ಳು ಕುಡಿಯುತ್ತಿದ್ದ, ಕುಡಿದರೆ ಇನ್ನೂ ಮಾತಿಲ್ಲ. ಮಗಳು ಹರ್ಷಿಣಿ ಉಡುಪಿಯಲ್ಲಿ ಪಿಯುಸಿ ಓದುತ್ತಿದ್ದಳು. ಮಾಮನೆಂದರೆ ಅವಳಿಗೆ ಜೀವ. ಬಸ್ಸು ತಪ್ಪಿದ ದಿನ ಸೈಕಲ್ಲಿನಲ್ಲಿ ಕಟಪಾಡಿಗೆ ಬಿಟ್ಟು ಬರುವವನು ಅವನೇ.

ಎರಡು ಸಾವಿರದ ಮೂರರ ಏಪ್ರಿಲ್ ತಿಂಗಳಲ್ಲಿ ಒಂದು ದಿನ ಚೆನ್ನಪ್ಪ ಖಾಲಿ ಚೀಲ ಹಿಡಿದುಕೊಂಡು ಬೇಗ ಮನೆಗೆ ಬಂದ. ರತ್ನಾವತಿ ಆಗಷ್ಟೇ ಪೇಟೆಯಿಂದ ಬಂದಿದ್ದಳು. ಅವನ ಬಲಗಿವಿಯಿಂದ ರಕ್ತದ ಒಂದು ಗೆರೆ ಕುತ್ತಿಗೆಯವರೆಗೆ ಇಳಿದಿತ್ತು. ಏನೆಂದು ಕೇಳಿದರೆ, ನೀರಿನಡಿ ಬಗ್ಗಿದ್ದಾಗ ಯಾರೋ ಹೊಟ್ಟೆಗೆ ಒದ್ದ ಹಾಗಾಯಿತು ಎಂದ. ಕಾಲೆರಡೂ ಜುಮ್ಮೆಂದವಂತೆ. ಮೇಲೆದ್ದು ನೋಡಿದರೆ ಯಾರೂ ಇಲ್ಲ. ಉಪ್ಪುನೀರಿನಲ್ಲಿ ಬೇರು ಬಿಟ್ಟು ನಿಲ್ಲುವ ಕಾಂಡ್ಲಾ ಗಿಡಗಳ ಆಚೆ ನೀರು ಕಲಕಿ ಕೆಂಪಾಗಿತ್ತು, ಭೋಜನ ದೋಣಿ ಅಲ್ಲಿತ್ತು.

ಅವಳು ಅಂಗಿ ಎತ್ತಿ ನೋಡಿದಳು. ಏನೂ ಇರಲಿಲ್ಲ. ಕೆಂಪಗಾಗಿಯೂ ಇರಲಿಲ್ಲ. ಒಂದು ಸಲ ಕೆಮ್ಮಿದಾಗ ಉಗುಳಿನಲ್ಲಿ ರಕ್ತದ ಎಳೆ ಕಂಡಿತು. ಹಲ್ಲು ತಾಗಿರಬೇಕು ಎಂದು ಅವನೇ ಸಮಾಧಾನ ಹೇಳಿದ. ಗಂಜಿ ಉಂಡ, ಮಲಗಿದ. ಸಂಜೆ ಭೋಜ ಬಂದು ನೋಡಿ, ಬಿಸಿಲಿಗೆ ಪಿತ್ತ ಕೆರಳಿದ್ದು, ಒಂದು ಬೊಂಡ ಕೊಡು ಅಕ್ಕ ಎಂದು ತಾನೇ ತೆಂಗಿನ ಮರ ಹತ್ತಿ ಎರಡು ಬೊಂಡ ಇಳಿಸಿಕೊಟ್ಟ.

ಮರುದಿನ ಬೆಳಿಗ್ಗೆ ಚೆನ್ನಪ್ಪನ ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾಗಿತ್ತು. ಮೈ ಕಾದು ಹೋಗಿತ್ತು. ಕುಡಿದ ನೀರೆಲ್ಲ ಹಸಿರಾಗಿ ಹೊರಗೆ ಬರುತ್ತಿತ್ತು. ಕಾಪುವಿನ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿದವರೇ, ಇಲ್ಲಿ ಕೂತು ಹೊತ್ತು ಕಳೆಯಬೇಡಿ, ಮಣಿಪಾಲಕ್ಕೆ ಹೋಗಿ ಎಂದರು. ರಿಕ್ಷಾ ಹೊಂಡಕ್ಕೆ ಬಿದ್ದಾಗಲೆಲ್ಲ ಅವನು ಹೆಂಡತಿಯ ಕೈಯನ್ನು ಹಿಸುಕುತ್ತಿದ್ದನೇ ಹೊರತು ಬಾಯಿ ಬಿಡಲಿಲ್ಲ. ಭೋಜ ಮುಂದೆ ಡ್ರೈವರನ ಪಕ್ಕ ಕುಳಿತು, ಮೆಲ್ಲಗೆ ಹೋಗು ಮಾರಾಯ, ಬೇಗ ಹೋಗು ಮಾರಾಯ ಎಂದು ಎರಡನ್ನೂ ಹೇಳುತ್ತಿದ್ದ.

ಆಸ್ಪತ್ರೆಯಲ್ಲಿ ಕರುಳು ಎರಡು ಕಡೆ ತೂತಾಗಿದೆ ಎಂದು ಹೊಟ್ಟೆ ಕೊಯ್ದರು. ಹಾಳಾದ ತುಂಡನ್ನು ತೆಗೆದು, ಹೊಟ್ಟೆಯ ಬದಿಯಲ್ಲಿ ಮಲ ಹೋಗಲು ದಾರಿ ಮಾಡಿ ಚೀಲ ಕಟ್ಟಿದರು. ಬದುಕುತ್ತಾನೆಂದು ಹೇಳಲಿಕ್ಕೆ ಎಷ್ಟೋ ದಿನ ಬೇಕಾಯಿತು. ಪ್ರಜ್ಞೆ ಬಂದ ಮೇಲೆ ಚೆನ್ನಪ್ಪ ಕೇಳಿದವರಿಗೆಲ್ಲ ಒಂದೇ ಮಾತು ಹೇಳಿದ: ದೋಣಿಯ ಅಂಚಿನ ಮೇಲೆ ಬಿದ್ದೆ.

ಅವನನ್ನು ನೋಡಿಕೊಳ್ಳುತ್ತಿದ್ದ ಸರ್ಜನ್ನರಲ್ಲಿ ಜೆಸ್ಸಿ ಎಂಬ ಚಿಕ್ಕ ವಯಸ್ಸಿನ ಡಾಕ್ಟರು ಅದನ್ನು ನಂಬಲಿಲ್ಲ. ಬಿದ್ದವನಿಗೆ ಕರುಳು ಒಡೆಯಬಹುದು, ಆದರೆ ಹೊಟ್ಟೆಯ ಮೇಲೆ ಗಾಯ ಬೇಡವೇ? ಬಿದ್ದದ್ದು ಹೊಟ್ಟೆಯ ಮೇಲಾದರೆ ಕಿವಿಯ ತಮಟೆ ಹರಿದದ್ದು ಯಾಕೆ? ಎಕ್ಸರೇಯಲ್ಲಿ ಶ್ವಾಸಕೋಶದಲ್ಲೂ ಕಲೆ ಕಾಣುತ್ತಿದೆ, ಅದು ಹೇಗೆ? ಇಷ್ಟನ್ನೂ ಕೇಳಿ, ಅವನು ಗೋಡೆಯ ಕಡೆ ತಿರುಗಿ ಮಲಗಿದ ಮೇಲೆ, ರತ್ನಾವತಿಯನ್ನು ವಾರ್ಡಿನ ಹೊರಗಿನ ಬೆಂಚಿಗೆ ಕರೆದುಕೊಂಡು ಬಂದರು.

“ಇವರು ನೀರಿನ ಒಳಗೆ ಇದ್ದಾಗ ಹತ್ತಿರದಲ್ಲಿ ಏನಾದರೂ ಸಿಡಿಯಿತಾ ಅಮ್ಮ?”

ರತ್ನಾವತಿ ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಅಷ್ಟು ದೂರದಲ್ಲಿ ಸಿಡಿದರೆ ಹೀಗೆಲ್ಲ ಆಗಲಿಕ್ಕುಂಟಾ ಎಂದು ಮಾತ್ರ ಕೇಳಿದಳು. ಎಷ್ಟು ದೂರ ಎಂದರೆ, ತೆಂಗಿನ ಮರವೊಂದನ್ನು ಕಡಿದು ಮಲಗಿಸಿದಷ್ಟು ಎಂದಳು.

ಜೆಸ್ಸಿ ಡಾಕ್ಟರು ಅವಸರ ಮಾಡದೆ ಹೇಳಿದರು. ಸಿಡಿಮದ್ದು ಸಿಡಿದಾಗ ಅದರ ಸುತ್ತ ಒಂದು ಒತ್ತಡದ ಅಲೆ ಹೊರಡುತ್ತದೆ. ನಾವು ಕೇಳುವ ಸಾಮಾನ್ಯ ಶಬ್ದ ಮೆಲ್ಲಗೆ ಏರಿ ಇಳಿಯುವಂಥದ್ದು. ಇದು ಹಾಗಲ್ಲ, ಗೋಡೆಯೊಂದು ಮೈಮೇಲೆ ಬಂದ ಹಾಗೆ ಒಮ್ಮೆಲೇ ಬಂದು ಬಡಿಯುತ್ತದೆ. ಆಘಾತ ತರಂಗ ಎಂದು ಅದಕ್ಕೆ ಹೆಸರು. ಗಾಳಿಯಲ್ಲಾದರೆ ಗಾಳಿ ಸ್ಪಂಜಿನ ಹಾಗೆ ಕುಗ್ಗಿ ಬಹಳಷ್ಟನ್ನು ತಿಂದುಬಿಡುತ್ತದೆ, ಸ್ವಲ್ಪ ದೂರ ಹೋಗುವುದರೊಳಗೆ ಅದರ ಶಕ್ತಿ ಇಳಿಯುತ್ತದೆ. ನೀರು ಕುಗ್ಗುವುದಿಲ್ಲ. ಕೊಟ್ಟ ಏಟನ್ನು ಹೆಚ್ಚುಕಡಿಮೆ ಹಾಗೆಯೇ ಮುಂದಕ್ಕೆ ದಾಟಿಸುತ್ತದೆ. ನಮ್ಮ ಮೈಯೂ ಬಹುಪಾಲು ನೀರೇ. ಆದ್ದರಿಂದ ಹೊಳೆಯಿಂದ ಮೈಯೊಳಗೆ ಬಂದದ್ದು ಆ ಅಲೆಗೆ ಗೊತ್ತೇ ಆಗುವುದಿಲ್ಲ, ಚರ್ಮ ಮಾಂಸಗಳನ್ನು ಏನೂ ಮಾಡದೆ ದಾಟಿಹೋಗುತ್ತದೆ.

“ಮತ್ತೆ ಒಡೆದದ್ದು ಎಂತಕ್ಕೆ?” ಎಂದಳು ರತ್ನಾವತಿ.

“ಒಳಗೆ ಗಾಳಿ ಇರುವಲ್ಲಿ ಮಾತ್ರ ಒಡೆಯುವುದು. ಜನ ಸಾಲಾಗಿ ಒಬ್ಬರಿಗೊಬ್ಬರು ತಾಗಿ ನಿಂತಿದ್ದಾರೆ ಅಂತ ಇಟ್ಟುಕೊಳ್ಳಿ. ಹಿಂದಿನಿಂದ ಒಬ್ಬರು ದೂಡಿದರೆ ನಡುವಿನವರು ಯಾರೂ ಬೀಳುವುದಿಲ್ಲ. ಎಲ್ಲರಿಗಿಂತ ಮುಂದೆ ನಿಂತವರಿಗೆ ಎದುರು ಆಸರೆ ಇಲ್ಲ, ಅವರು ಬೀಳುತ್ತಾರೆ. ಕಿವಿ, ಶ್ವಾಸಕೋಶ, ಕರುಳು, ಇವುಗಳ ಒಳಗೆ ಗಾಳಿ ಉಂಟು. ಮಾಂಸ ಮುಗಿದು ಗಾಳಿ ಶುರುವಾಗುವ ಅಂಚು ಹರಿಯುತ್ತದೆ.”

ರತ್ನಾವತಿಯ ಕಣ್ಣ ಮುಂದೆ ಮೆಟ್ಟುಕತ್ತಿಯ ಮೇಲಿನ ಮೀನು ಬಂತು. ಗೀರಿಲ್ಲದ ಮೈ, ಚಿಂದಿಯಾದ ಗಾಳಿಚೀಲ. ಎಷ್ಟು ವರ್ಷಗಳಿಂದ ನೋಡುತ್ತಿದ್ದಳು. ನೋಡಿ, ತೊಳೆದು, ಬೇಗ ಮಾರಬೇಕು ಎಂದಷ್ಟೇ ಎಣಿಸಿದ್ದಳು.

ದೋಣಿಯಲ್ಲಿ ನಿಂತವನಿಗೆ ಏನೂ ಆಗಲಿಲ್ಲವಲ್ಲ ಎಂದು ಅವಳು ಮತ್ತೆ ಕೇಳಿದಳು. ಅಲೆ ನೀರಿನ ಮೇಲ್ಮೈಗೆ ಬಂದು ಬಹುತೇಕ ನೀರಿಗೇ ತಿರುಗುತ್ತದೆ, ಗಾಳಿಗೆ ಹೆಚ್ಚು ದಾಟುವುದಿಲ್ಲ, ಮೇಲಿದ್ದವನಿಗೆ ಕಾಲಡಿಯ ಹಲಗೆ ಅದುರಿದ್ದು ಬಿಟ್ಟರೆ ಬೇರೇನೂ ತಿಳಿಯುವುದಿಲ್ಲ ಎಂದರು ಡಾಕ್ಟರು. ಆಮೇಲೆ, ಇದನ್ನು ಪೊಲೀಸರಿಗೆ ತಿಳಿಸದೆ ನಿರ್ವಾಹವಿಲ್ಲ, ದೋಣಿಯಲ್ಲಿ ನಿಂತವರು ಯಾರು ಎಂದು ಅವರು ಕೇಳುತ್ತಾರೆ ಎಂದೂ ಹೇಳಿದರು.

ಠಾಣೆಯಿಂದ ಇಬ್ಬರು ಬಂದು ಕೇಳಿದರು. ಚೆನ್ನಪ್ಪ ದೋಣಿಯ ಅಂಚನ್ನು ಬಿಡಲಿಲ್ಲ. ರತ್ನಾವತಿ ಮಾತ್ರ, ಹೊಳೆಯಲ್ಲಿ ಯಾರೋ ತೋಟೆ ಹಾಕಿದರು ಎಂದಳು. ಯಾರು? ಗೊತ್ತಿಲ್ಲ, ನಾನು ಪೇಟೆಯಲ್ಲಿದ್ದೆ. ಅವರು ಬರೆದುಕೊಂಡು ಹೋದರು. ಅವರು ಹೋದ ಮೇಲೆ ಚೆನ್ನಪ್ಪ, ನಾನಿಲ್ಲದೆ ಹೋದರೆ ಹರ್ಷಿಣಿಗೆ ಇರುವ ಗಂಡು ದಿಕ್ಕು ಅವನೊಬ್ಬನೇ, ಅದನ್ನು ಕಡಿಯಬೇಡ ಎಂದ. ಆಗ ಅವನು ಬದುಕುವುದು ಯಾರಿಗೂ ಖಾತ್ರಿ ಇರಲಿಲ್ಲ. ಅವಳು ಆಗಲಿ ಎಂದಳು.

ಮಳೆ ಹಿಡಿಯುವ ಹೊತ್ತಿಗೆ ಮನೆಗೆ ಬಂದರು. ಬಲಗಿವಿ ಹೋಗಿತ್ತು. ಮೈಯಲ್ಲಿ ಮೂಳೆ ಮಾತ್ರ. ಹೊಟ್ಟೆಯ ಚೀಲವನ್ನು ಬದಲಿಸುವುದನ್ನು ಹೆಂಡತಿಯೊಬ್ಬಳೇ ನೋಡಬೇಕು, ಮಗಳಿಗೂ ಬಿಡುತ್ತಿರಲಿಲ್ಲ. ಜನ ನೋಡಲಿಕ್ಕೆ ಬಂದರೆ ಚಾದರ ಎಳೆದುಕೊಂಡು ಕಣ್ಣು ಮುಚ್ಚುವನು. ಬಂದವರು ಜಗಲಿಯಲ್ಲಿ ಕುಳಿತು ಚಾ ಕುಡಿಯುತ್ತ, ಏನಾದದ್ದು ಎಂದು ಇನ್ನೊಮ್ಮೆ ಕೇಳುವರು. ಅವರ ಕೇಳುವ ರೀತಿಯಲ್ಲಿ ಏನೋ ವ್ಯತ್ಯಾಸವಿರುವುದು ರತ್ನಾವತಿಗೆ ತಿಳಿಯಿತು. ಕೊನೆಗೆ ನೆರೆಮನೆಯ ನಳಿನಾಕ್ಷಿಯೇ ಬಾಯಿ ಬಿಟ್ಟಳು. ಚೆನ್ನಪ್ಪಣ್ಣನ ಕರುಳು ಕುಡಿದು ಕುಡಿದು ಕೊಳೆತಿತ್ತಂತೆ, ಅದೇ ಒಡೆದದ್ದಂತೆ. ಹೇಳಿದ್ದು ಯಾರು ಎಂದರೆ, ಭೋಜನೇ ಕಟ್ಟೆಯಲ್ಲಿ ಹೇಳಿದ್ದು.

ಅವತ್ತು ಭೋಜ ಬಂದಾಗ ರತ್ನಾವತಿ ಅವನನ್ನು ಅಂಗಳಕ್ಕೆ ಕರೆದು ಕೇಳಿದಳು. ಅವನು ತಪ್ಪಿಸಿಕೊಳ್ಳಲಿಲ್ಲ. ನೇರವಾಗಿ ನಿಂತು ವಾದ ಮಾಡಿದ. ನಾನೂ ಅಲ್ಲೇ ಇದ್ದೆ, ತೋಟೆಗೆ ಭಾವನಿಗಿಂತ ಹತ್ತಿರ ಇದ್ದೆ. ನನಗೆ ಒಂದು ಕೂದಲು ಕೊಂಕಲಿಲ್ಲ. ಹಾಕುವ ಮೊದಲು ಕೂಗಿದ್ದೇನೆ, ಯಾರೂ ಓಗೊಡಲಿಲ್ಲ. ನೀರಿನಡಿ ಇದ್ದವನಿಗೆ ಕೂಗು ಕೇಳುತ್ತದಾ ಎಂದು ಅವಳೆಂದರೆ, ಭಾವ ಅಲ್ಲಿದ್ದದ್ದು ನನಗೆ ಹೇಗೆ ಗೊತ್ತಾಗಬೇಕು ಎಂದ. ಡಾಕ್ಟರು ಹೇಳಿದ್ದನ್ನೆಲ್ಲ ತಾನು ತಿಳಿದಷ್ಟು ಅವಳು ವಿವರಿಸಿದಳು. ಮೀನಿನ ಒಳಗೆ ಒಡೆದಿರುವುದನ್ನೂ ಹೇಳಿದಳು.

“ಮೀನು ಬೇರೆ, ಮನುಷ್ಯ ಬೇರೆ ಅಕ್ಕ. ಗಾಯ ಎಲ್ಲುಂಟು, ತೋರಿಸು. ನೀರು ಮನುಷ್ಯನಿಗೆ ಎಂತ ಮಾಡುತ್ತದೆ? ಸ್ವಲ್ಪ ದೂಡುತ್ತದೆ, ಅಷ್ಟೇ.”

ಒಳಗೆ ಮಲಗಿದ್ದ ಚೆನ್ನಪ್ಪನಿಗೆ ಇದು ಕೇಳಿತೋ ಇಲ್ಲವೋ. ರತ್ನಾವತಿಗೆ ಮಾತ್ರ ಅಂದಿನಿಂದ ಊಟ ರುಚಿಸಲಿಲ್ಲ. ಗಂಡನ ನೋವಿಗಿಂತ ಹೆಚ್ಚಾಗಿ, ಆ ನೋವು ಅವನದೇ ತಪ್ಪೆಂದು ಊರು ನಂಬಿದ್ದು ಅವಳನ್ನು ಕೊರೆಯಿತು. ಹೊರಗಿನಿಂದ ಒಂದು ಗಾಯವಾದರೂ ಇದ್ದಿದ್ದರೆ ಎಂದು ಅವಳು ಹಂಬಲಿಸಿದ್ದೂ ಉಂಟು, ಹಂಬಲಿಸಿ ತನ್ನನ್ನೇ ಬೈದುಕೊಂಡದ್ದೂ ಉಂಟು. ಭೋಜನ ಮೀನನ್ನು ಮುಟ್ಟುವುದನ್ನು ನಿಲ್ಲಿಸಿದಳು. ಅವನು ಬೇರೆಯವರ ಕೈಯಲ್ಲಿ ಮಾರಿಸಿದ.

ಮಳೆ ಬಿಟ್ಟ ಮೇಲೆ ಅವಳು ಒಂದು ದಿನ ಮಾರಾಟಕ್ಕೆ ರಜೆ ಮಾಡಿ ಕಾರ್ಕಳಕ್ಕೆ ಹೋದಳು. ಕೋರೆಯ ದಾರಿ ಕೇಳಿಕೊಂಡು, ಲಾರಿಗಳ ಧೂಳಿನಲ್ಲಿ ನಡೆದು, ತಗಡಿನ ಶೆಡ್ಡುಗಳ ಸಾಲಿನಲ್ಲಿ ಮಾನಪ್ಪನನ್ನು ಹುಡುಕಿದಳು. ಹುನಗುಂದದ ಕಡೆಯವನು, ನಲವತ್ತರ ಆಸುಪಾಸು, ಹುಬ್ಬಿನ ಮೇಲೆಲ್ಲ ಕಲ್ಲಿನ ಹಿಟ್ಟು. ಭೋಜನ ಅಕ್ಕ ಎಂದ ಕೂಡಲೇ ನಕ್ಕು, ಹೆಂಡತಿ ಯಮನವ್ವನಿಗೆ ಚಾ ಇಡಲು ಹೇಳಿದ. ವಿಷಯ ಕೇಳಿದ ಮೇಲೆ ಆ ನಗು ಎಲ್ಲಿ ಹೋಯಿತೋ. ತಲೆಗೆ ಸುತ್ತಿದ್ದ ವಸ್ತ್ರವನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಕುಳಿತ.

“ಮೀನಿನ ಸಲುವಾಗಿ ಅಂತ ಕೊಟ್ಟೆನ್ರಿ ಯಕ್ಕಾ. ಮನಷ್ಯಾರಿಗೆ ಹಿಂಗ ಆಗ್ತೈತಂತ ನನಗ ಗೊತ್ತಿದ್ದಿಲ್ರಿ.”

ಆದರೆ ಅವಳು ಹೇಳಿದ ಡಾಕ್ಟರರ ಮಾತನ್ನು ಅವನು ಅಲ್ಲಗಳೆಯಲಿಲ್ಲ. ಕಲ್ಲಿನಲ್ಲಿ ತಾನೂ ಇಂಥದ್ದನ್ನು ನೋಡಿದ್ದೇನೆ ಎಂದ. ಮದ್ದು ತುಂಬುವ ತೂತು ಒಂದು ಕಡೆ ಇರುತ್ತದೆ. ಸಿಡಿದಾಗ ಅದರ ಬುಡದ ಕಲ್ಲು ಪುಡಿಯಾಗುವುದು ಸರಿ. ಆದರೆ ಎಷ್ಟೋ ಸಲ ದೂರದ ಬಯಲು ಮುಖದಿಂದ, ಅಂದರೆ ಕಲ್ಲು ಮುಗಿದು ಗಾಳಿ ಇರುವ ಕಡೆಯಿಂದ, ದೊಡ್ಡ ದೊಡ್ಡ ಚಕ್ಕೆಗಳು ಎದ್ದು ಹಾರುತ್ತವೆ. ನಡುವಿನ ಕಲ್ಲು ಏನೂ ಆಗದೆ ಕುಳಿತಿರುತ್ತದೆ. ಕೆಲಸಕ್ಕೆ ಬಂದ ಹೊಸದರಲ್ಲಿ, ಮದ್ದಿನಿಂದ ದೂರ ಇದ್ದೇನಲ್ಲ ಎಂದು ಅಂಥ ಮುಖದ ಕೆಳಗೆ ನಿಂತಿದ್ದ ಜತೆಯವನೊಬ್ಬ ಕಾಲು ಕಳೆದುಕೊಂಡಿದ್ದ. ಯಮನವ್ವ ಚಾ ತಂದು ಇಟ್ಟು ಗಂಡನ ಮುಖ ನೋಡಿ ಒಳಗೆ ಹೋದಳು.

ಇನ್ನು ಮುಂದೆ ಒಂದು ಕಡ್ಡಿಯನ್ನೂ ಕೊಡುವುದಿಲ್ಲ ಎಂದು ಅವನು ತನ್ನ ಮಗಳ ಮೇಲೆ ಆಣೆ ಇಟ್ಟ. ಅವನಿಗೆ ಪೊಲೀಸರ ಭಯವೂ ಇತ್ತು. ಅವಳು ಹೊರಟಾಗ ಬಸ್ಸಿನ ರಸ್ತೆಯವರೆಗೆ ಬಂದವನು, ಭೋಜ ಮಳೆಗಾಲದ ಮೊದಲೇ ಒಯ್ದದ್ದು ಇನ್ನೂ ಅವನಲ್ಲಿ ಇರಬಹುದು ಎಂದು ತಲೆ ತಗ್ಗಿಸಿ ಹೇಳಿದ.

ಅದು ನಿಜವಾಗಿತ್ತು. ನವೆಂಬರಿನಲ್ಲಿ ಹೊಳೆ ಮತ್ತೆ ತಿಳಿಯಾಯಿತು. ಒಂದು ಬೆಳಿಗ್ಗೆ ರತ್ನಾವತಿ ದಡದಲ್ಲಿ ಗಂಡನ ಬಟ್ಟೆ ಒಗೆಯುತ್ತಿದ್ದಾಗ ಭೋಜ ದೋಣಿ ತಳ್ಳಿಕೊಂಡು ಹೋದದ್ದನ್ನು ನೋಡಿದಳು. ಬಲೆ ಇರಲಿಲ್ಲ. ಕಾಲ ಬಳಿ ಒಂದು ಪ್ಲಾಸ್ಟಿಕ್ ಚೀಲವಿತ್ತು. ಹೊಳೆಯ ತಿರುವಿನ ಮಡುವಿನಲ್ಲಿ ದೋಣಿ ನಿಲ್ಲಿಸಿ ನೀರು ನೋಡುತ್ತ ನಿಂತ. ಅದರಾಚೆ, ಕಾಂಡ್ಲಾ ಗಿಡಗಳ ಮರೆಯಲ್ಲಿ, ನಳಿನಾಕ್ಷಿ ಮತ್ತು ಇನ್ನಿಬ್ಬರು ಹೆಂಗಸರು ಮರುವಾಯಿ ಹೆಕ್ಕಲಿಕ್ಕೆ ಇಳಿದದ್ದು ರತ್ನಾವತಿಗೆ ಗೊತ್ತಿತ್ತು.

ಅವಳು ಕೂಗಿದಳು. ಭೋಜ ಕೈ ಬೀಸಿದ, ಹೋಗು ಎಂಬ ಹಾಗೆ. ಅವಳು ಒಗೆಯುತ್ತಿದ್ದ ಬಟ್ಟೆಯನ್ನು ಕಲ್ಲಿನ ಮೇಲೆಯೇ ಬಿಟ್ಟು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನೀರಿಗಿಳಿದಳು. ಮೊಣಕಾಲು, ಸೊಂಟ, ಎದೆ. ಕೆಸರಿನಲ್ಲಿ ಕಾಲು ಹೂತು ಸೀರೆ ಭಾರವಾಗಿ ಎಳೆಯಿತು. ಕುತ್ತಿಗೆಯವರೆಗೆ ನೀರು ಬಂದ ಮೇಲೆ, ದೋಣಿಗೂ ಕಾಂಡ್ಲಾ ಗಿಡಗಳಿಗೂ ನಡುವೆ ನಿಂತಳು.

ಭೋಜನ ಒಂದು ಕೈಯಲ್ಲಿ ತೋಟೆ, ಇನ್ನೊಂದರಲ್ಲಿ ಬೆಂಕಿಪೆಟ್ಟಿಗೆ ಇತ್ತು. ದಡಕ್ಕೆ ಹೋಗು ಅಕ್ಕ, ಮರುಳಾ ನಿನಗೆ ಎಂದ. ಅವಳು ಕದಲಲಿಲ್ಲ.

“ನೀನೇ ಹೇಳಿದ್ದಲ್ವಾ, ನೀರು ಮನುಷ್ಯನಿಗೆ ಎಂತದೂ ಮಾಡುವುದಿಲ್ಲ, ಸ್ವಲ್ಪ ದೂಡುತ್ತದೆ ಅಂತ. ನಾನು ನೀರಿನಲ್ಲೇ ಇದ್ದೇನೆ. ಅವತ್ತು ಭಾವ ಇದ್ದದ್ದಕ್ಕಿಂತ ದೂರ ಏನೂ ಇಲ್ಲ. ಹಾಕು.”

ಅವನು ಹಾಕಲಾರ ಎಂಬ ಧೈರ್ಯ ಅವಳಿಗೆ ಇರಲಿಲ್ಲ. ಚಿಕ್ಕಂದಿನಿಂದ ಅವನ ಹಟವನ್ನು ಕಂಡವಳು. ಹಾಕಿದರೆ ಏನಾಗುವುದೆಂದು ಈಗ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕರುಳಿನ ಒಳಗೆ, ಎದೆಯ ಒಳಗೆ, ಎಲ್ಲೆಲ್ಲಿ ಒಂದಿಷ್ಟು ಗಾಳಿ ಇದೆಯೋ ಅಲ್ಲೆಲ್ಲ ಈಗಲೇ ಬಿಗಿ ಹಿಡಿದ ಹಾಗಾಗಿತ್ತು.

ಭೋಜ ಅವಳನ್ನು ನೋಡಿದ. ಬೆಂಕಿಪೆಟ್ಟಿಗೆಯನ್ನು ನೋಡಿದ. ಆಮೇಲೆ ಮೆಲ್ಲನೆ ದೋಣಿಯ ಹಲಗೆಯ ಮೇಲೆ ಕುಳಿತು, ತೋಟೆಯನ್ನು ಚೀಲದೊಳಗೆ ಇಟ್ಟ. ಹುಟ್ಟು ಹಾಕಿ ಅವಳಿಂದ ದೂರ ಸುತ್ತಿಕೊಂಡು ದಡಕ್ಕೆ ಹೋದ. ಅವಳ ಕಡೆ ತಿರುಗಲಿಲ್ಲ.

ಗಿಡಗಳ ಆಚೆಯಿಂದ ನಳಿನಾಕ್ಷಿ ಏನದು ರತ್ನಕ್ಕ ಎಂದು ಕೇಳಿದಳು. ಕಾಲು ಜಾರಿತು ಎಂದು ರತ್ನಾವತಿ ಹೇಳಿದಳು. ದಡಕ್ಕೆ ಬಂದು ಒಗೆಯುವ ಕಲ್ಲಿನ ಮೇಲೆ ಕುಳಿತು ಸೆರಗು ಹಿಂಡಿದಳು. ಗೆದ್ದ ಸಂತೋಷ ಒಂದಿಷ್ಟೂ ಬರಲಿಲ್ಲ. ಬೇರೊಂದು ವಿಷಯ ಮೆಲ್ಲಮೆಲ್ಲಗೆ ಅವಳ ತಲೆಗೆ ಇಳಿಯುತ್ತಿತ್ತು. ನೀರು ಏನೂ ಮಾಡುವುದಿಲ್ಲ ಎಂದು ಭೋಜ ನಿಜಕ್ಕೂ ನಂಬಿದ್ದರೆ ಅವನು ಕೈ ತಡೆಯುತ್ತಿರಲಿಲ್ಲ, ಅವಳ ಹಟಕ್ಕೆ ನಕ್ಕು ಹಾಕಿಬಿಡುತ್ತಿದ್ದ. ಅವನಿಗೆ ಗೊತ್ತಿತ್ತು. ಕಟ್ಟೆಯಲ್ಲಿ ಕುಳಿತು ಭಾವನ ಕುಡಿತದ ಕತೆ ಹೇಳುವಾಗಲೂ ಗೊತ್ತಿತ್ತು. ತಿಳಿಯದೆ ಮಾಡಿದ ತಮ್ಮನಾದರೆ ಇಂದಲ್ಲ ನಾಳೆ ತಿಳಿಸಬಹುದು ಎಂಬ ಒಂದು ಆಸೆಯನ್ನು ಅವಳು ಇಷ್ಟು ದಿನ ಇಟ್ಟುಕೊಂಡಿದ್ದಳು. ಅದು ಅಲ್ಲಿಗೆ ಮುಗಿಯಿತು.

ಮನೆಗೆ ಬಂದು ಗಂಡನ ಎಡಗಿವಿಯ ಬಳಿ ಕುಳಿತು ನಡೆದದ್ದನ್ನು ಹೇಳಿದಳು. ಚೆನ್ನಪ್ಪ ಅವಳ ಒದ್ದೆ ಸೀರೆಯನ್ನು ನೋಡಿ ಮೊದಲು ಬೈದ. ಅವನು ಅವಳನ್ನು ಬೈದದ್ದು ಅಪರೂಪ. ಆಮೇಲೆ, ಹಾಕಲಿಲ್ಲವಲ್ಲ, ಅಷ್ಟು ಸಾಕು ಎಂದ. ಅವನಿಗೆ ಅಷ್ಟು ಸಾಕಾಗಿತ್ತು. ಅವಳಿಗೆ ಸಾಕಾಗಲಿಲ್ಲ.

ಭೋಜ ಊರು ಬಿಟ್ಟು ಮತ್ತೆ ಮಲ್ಪೆಗೆ ಹೋದ. ಬೋಟಿನ ಕೆಲಸ ಸಿಕ್ಕಿತೆಂದೂ, ಜೋಕಿಮ್ ಎಂಬವರ ಐಸ್ ಫ್ಯಾಕ್ಟರಿಯ ಪಕ್ಕದಲ್ಲಿ ಕೋಣೆ ಮಾಡಿದ್ದಾನೆಂದೂ ಸುದ್ದಿ ಬಂತು. ಹರ್ಷಿಣಿ ಮಾಮ ಯಾಕೆ ಬರುವುದಿಲ್ಲ ಎಂದು ಕೇಳಿ ಕೇಳಿ ಕೊನೆಗೆ ಕೇಳುವುದನ್ನು ಬಿಟ್ಟಳು. ಅವಳಿಗೆ ಎಷ್ಟು ಗೊತ್ತಿತ್ತೋ ತಾಯಿ ವಿಚಾರಿಸಲಿಲ್ಲ. ಮರುವರ್ಷ ಮಣಿಪಾಲದಲ್ಲಿ ಇನ್ನೊಂದು ಆಪರೇಷನ್ ಮಾಡಿ ಚೆನ್ನಪ್ಪನ ಕರುಳನ್ನು ಸೇರಿಸಿ ಚೀಲ ತೆಗೆದರು. ಜೆಸ್ಸಿ ಡಾಕ್ಟರು, ಇನ್ನು ಮುಳುಗುವ ಕೆಲಸ ಮಾತ್ರ ಬೇಡ ಎಂದರು. ಅವನು ಮಟ್ಟುಗುಳ್ಳ ಬದನೆ ಬೆಳೆಸುವವರ ಗದ್ದೆಗಳಲ್ಲಿ ಕೈಲಾದಷ್ಟು ಕೆಲಸ ಮಾಡಿದ. ಹಿಂದಿನಿಂದ ಯಾರಾದರೂ ಕರೆದರೆ ಎಲ್ಲಿಂದ ಕರೆದರೆಂದು ತಿಳಿಯದೆ ಸುತ್ತಲೂ ನೋಡುವನು. ಊರಿನವರು ಅವನ ಕುಡಿತದ ಕತೆಯನ್ನು ಮರೆತರೇ ಹೊರತು ಅದು ಸುಳ್ಳೆಂದು ಯಾರೂ ಹೇಳಲಿಲ್ಲ. ಅವನು ಕಳ್ಳು ಮುಟ್ಟದೆ ಬಹಳ ಕಾಲವಾಗಿತ್ತು.

ಎರಡು ಸಾವಿರದ ಆರರಲ್ಲಿ ಒಂದು ದಿನ ಬನ್ನಂಜೆಯ ರಸ್ತೆಬದಿಯಲ್ಲಿ ರತ್ನಾವತಿ ಬುಟ್ಟಿ ಇಟ್ಟು ಕುಳಿತಿದ್ದಾಗ ಭೋಜ ಬಂದು ಎದುರು ನಿಂತ. ಕೂದಲು ಉದುರಿತ್ತು, ಮುಖ ಉಪ್ಪು ಹಿಡಿದು ಕಪ್ಪಾಗಿತ್ತು. ಅವಳು ಗಿರಾಕಿಯೊಬ್ಬಳಿಗೆ ಬಂಗುಡೆ ಆರಿಸುತ್ತಿದ್ದಳು. ಆ ಹೆಂಗಸು ಹೋಗುವವರೆಗೆ ಅವನು ಕಾದ. ಆಮೇಲೆ ಕುಕ್ಕರುಗಾಲಿನಲ್ಲಿ ಕುಳಿತು ಬುಟ್ಟಿಯ ಕಡೆ ನೋಡುತ್ತಲೇ ಹೇಳಿದ.

“ಅವತ್ತು ಭಾವನ ದೋಣಿ ಕಾಂಡ್ಲಾದ ಹಿಂದೆ ಕಟ್ಟಿದ್ದು ನಾನು ನೋಡಿದ್ದೆ ಅಕ್ಕ. ಅಷ್ಟು ದೂರ ಬರಲಿಕ್ಕಿಲ್ಲ ಅಂತ ಎಣಿಸಿದೆ. ಮೀನು ಒಳ್ಳೆ ಗುಂಪು ನಿಂತಿತ್ತು.”

ರತ್ನಾವತಿ ಕೈಯಲ್ಲಿದ್ದ ಮೀನನ್ನು ಬುಟ್ಟಿಗೆ ಹಾಕಿ ಅದರ ಮೇಲೆ ನೀರು ಚಿಮುಕಿಸಿದಳು. ಬಸ್ಸೊಂದು ಬಂದು ನಿಂತು ಹೋಯಿತು. ಭಾವನಿಗೆ ನೀನೇ ಹೇಳುತ್ತೀಯಾ ಎಂದು ಅವನು ಕೇಳಿದ.

“ನಾನು ಹೇಳುವುದಿಲ್ಲ. ಹೇಳುವುದಾದರೆ ನೀನು ಮನೆಗೆ ಬಂದು ಹೇಳು.”

ಮುಂದಿನ ಭಾನುವಾರ ಅವನು ಬಂದ. ಚೆನ್ನಪ್ಪ ಜಗಲಿಯಲ್ಲಿ ಕುಳಿತು ಬೀಡಿ ಹಚ್ಚುತ್ತಿದ್ದ. ಬಾ ಎಂದು ಪಕ್ಕದಲ್ಲಿ ಜಾಗ ಮಾಡಿದ. ಓದು ಮುಗಿಸಿ ಉಡುಪಿಯ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದ ಹರ್ಷಿಣಿ ಇನ್ನೂ ಬಂದಿರಲಿಲ್ಲ. ರತ್ನಾವತಿ ಒಳಗೆ ಹೋಗಿ ಒಲೆಯ ಮುಂದೆ ಕುಳಿತಳು. ಜಗಲಿಯಿಂದ ಮಾತು ಕೇಳಿಬರುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ಭೋಜನ ಧ್ವನಿಯೇ ಹೆಚ್ಚು ಹೊತ್ತು. ಆಮೇಲೆ ಅದೂ ನಿಂತಿತು. ಎದ್ದು ಹೋಗಿ ಬಾಗಿಲಲ್ಲಿ ನಿಲ್ಲಬೇಕೆಂದು ಅವಳಿಗೆ ಅನ್ನಿಸಿತು. ಏಳಲಿಲ್ಲ. ಸಾರು ಕುದಿದು ಬತ್ತುತ್ತ ಬಂತು, ಅವಳು ಅದನ್ನು ಇಳಿಸಿಟ್ಟಳು.

ಬಹಳ ಹೊತ್ತಿನ ಮೇಲೆ ಚೆನ್ನಪ್ಪ ಒಳಗೆ ಬಂದ. ಅವನ ಮುಖದಲ್ಲಿ ಅವಳು ಏನನ್ನು ಹುಡುಕಿದಳೋ ಅದು ಸಿಗಲಿಲ್ಲ, ಎಂದಿನ ಮುಖವೇ ಇತ್ತು. ಕೊಡದಿಂದ ನೀರು ಬಗ್ಗಿಸಿ ಕುಡಿದ. ಭೋಜ ಹೇಳಿದನೋ, ಹೇಳಿದ್ದು ಇವನಿಗೆ ಪೂರ್ತಿ ಕೇಳಿತೋ ಎಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಮುಂದೆಯೂ ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ.

ಚೆಂಬನ್ನು ಕವುಚಿಟ್ಟು ಅವನು, ಬಟ್ಟಲು ಎರಡು ಇಡು, ಅವನೂ ಉಂಡು ಹೋಗಲಿ ಎಂದ. ಅವಳು ಎದ್ದು ಬಟ್ಟಲುಗಳನ್ನು ತೊಳೆಯಲು ಹಿತ್ತಿಲಿಗೆ ಹೋದಳು.